ಖಾನೆಯ ತಳದ ಹೆಸರು: ಒಂದು ಹೊಲಿಗೆ ಮೇಜಿನ ಪ್ರಕರಣ

ಶುಕ್ರವಾರದ ಪೂಜೆಗೆ ಮೊದಲು ದೇವರ ಮೇಜನ್ನು ಒರೆಸಿದ ಒದ್ದೆ ಬಟ್ಟೆಗೆ ನೀಲಿ ಹತ್ತಿತು. ಪ್ರಕರಣ ಶುರುವಾದದ್ದು ಅಲ್ಲಿಂದ.

ಮನೆ ಬಾಸ್ಟನ್‌ನಿಂದ ಮುಕ್ಕಾಲು ಗಂಟೆ ದೂರದ ಊರೊಂದರಲ್ಲಿದೆ. ಗಂಡ ಹೆಂಡತಿ ಇಬ್ಬರೂ ಸಾಫ್ಟ್‌ವೇರ್ ಕೆಲಸದವರು. ಎರಡು ವರ್ಷದ ಹಿಂದೆ ಪಕ್ಕದ ಊರಲ್ಲಿ ಯಾರೋ ಮುದುಕರು ತೀರಿಕೊಂಡು, ಮನೆ ಸಾಮಾನೆಲ್ಲ ಮಾರಾಟಕ್ಕಿಟ್ಟಾಗ 140 ಡಾಲರ್ ಕೊಟ್ಟು ಈ ಪುಟ್ಟ ಮೇಜು ತಂದಿದ್ದರು. ಎತ್ತರ, ಅಗಲ ಎರಡೂ ಸರಿಹೋಯಿತೆಂದು ದೇವರ ಮೂಲೆಗೆ ಇಟ್ಟರು. ಗಣಪತಿ, ಲಕ್ಷ್ಮಿ, ಎರಡು ದೀಪ, ಅರಿಸಿನ ಕುಂಕುಮದ ಬಟ್ಟಲು. ಹಾಸನದಿಂದ ಆರು ತಿಂಗಳಿಗೆಂದು ಬಂದಿದ್ದ ಹೆಂಡತಿಯ ತಾಯಿ ಒರೆಸಿದಾಗಲೇ ನೀಲಿ ಕಂಡದ್ದು.

ಮೊದಲು ಅವರು ಕರೆದದ್ದು ಪೀಠೋಪಕರಣ ಪಾಲಿಷ್ ಮಾಡುವ ಒಬ್ಬರನ್ನು. ಅವರು ಬಂದು ನೋಡಿ, "ಮೇಲಿನದೆಲ್ಲ ಎತ್ತಿಹಾಕಿ ಹೊಸ ಪಾಲಿಷ್ ಕೊಟ್ಟರೆ ಹೊಸದರ ಹಾಗೆ ಆಗುತ್ತೆ" ಅಂದು ದರ ಹೇಳಿದ್ದರು. ಮುಂಗಡ ಕೊಡುವ ಮೊದಲು ಆ ಮನೆಯೊಡತಿ ನನಗೊಂದು ಫೋಟೋ ವಾಟ್ಸಾಪ್ ಮಾಡಿದರು. ನಾನು ಸಾಗರದವನು. ಗುಡಿಗಾರರ ಕೇರಿಯಲ್ಲಿ ಗಂಧದ ಚೂರು ಹೆಕ್ಕುತ್ತ ಬೆಳೆದು, ಕೊನೆಗೆ ಈ ದೇಶದಲ್ಲಿ ಹಳೇ ಮರದ ಸಾಮಾನು ಉಳಿಸುವ ಕೆಲಸಕ್ಕೆ ಬಂದು ಬಿದ್ದವನು. ಫೋಟೋ ನೋಡಿ ಒಂದೇ ಸಾಲು ಬರೆದೆ: "ಯಾರೂ ಮುಟ್ಟಬೇಡಿ, ದೀಪ ಪಕ್ಕಕ್ಕೆ ಇಡಿ, ಶನಿವಾರ ಬರ್ತೀನಿ."

ಕಂಡದ್ದು

ಹದಿನೆಂಟು ಅಂಗುಲ ಉದ್ದ, ಹದಿನಾರು ಅಂಗುಲ ಅಗಲದ ಹಲಗೆ. ಬೆರಳಷ್ಟೇ ದಪ್ಪದ, ಕಡಸಲು ಹಿಡಿದ ನಾಲ್ಕು ಕಾಲು. ಒಂದು ಖಾನೆ. ಖಾನೆಯ ಕೆಳಗೆ ಹೊರಕ್ಕೆ ಎಳೆದುಕೊಳ್ಳಬಹುದಾದ ಒಂದು ಖಾಲಿ ಚೌಕಟ್ಟು. ಅದರ ಒಳ ಅಂಚಿನ ಸುತ್ತ ಸಣ್ಣ ಮೊಳೆಯ ತೂತುಗಳ ಸಾಲು. ಅಲ್ಲಿ ಒಂದು ಕಾಲಕ್ಕೆ ರೇಷ್ಮೆ ಚೀಲ ತೂಗುತ್ತಿತ್ತು, ಹೊಲಿಯುತ್ತಿದ್ದ ಬಟ್ಟೆಯನ್ನು ಅದರಲ್ಲಿ ತುರುಕಿ ಒಳಗೆ ತಳ್ಳುತ್ತಿದ್ದರು. ಅಂದರೆ ಇದು ಹೆಂಗಸರ ಹೊಲಿಗೆ ಮೇಜು. ಮರ ಮೇಪಲ್. ಅದರಲ್ಲೂ ಹಕ್ಕಿಯ ಕಣ್ಣಿನಂಥ ಚುಕ್ಕೆ ತುಂಬಿದ, ಬೆಣ್ಣೆ ಬಣ್ಣದ ಜಾತಿ. ಚಿತ್ರ ಬರೆಯುವುದಕ್ಕೆ ಇಂಥ ತಿಳಿ ಬಣ್ಣದ ಮರವೇ ಬೇಕು, ಕಾಗದದ ಹಾಗೆ.

ಹಲಗೆಯ ನಡುವೆ ಅಂಡಾಕಾರದೊಳಗೆ ಸಮುದ್ರದ ಚಿಪ್ಪುಗಳ ರಾಶಿ: ಒಂದು ಶಂಖ, ಬೀಸಣಿಗೆಯಂಥ ಎರಡು ಕಪ್ಪೆಚಿಪ್ಪು, ಜೊಂಡು. ಸುತ್ತ ಗುಲಾಬಿ ಬಳ್ಳಿ. ಎಡಮಗ್ಗುಲ ಹಲಗೆಯ ಮೇಲೆ ಸ್ನೇಹದ ಬಗ್ಗೆ ನಾಲ್ಕು ಸಾಲಿನ ಇಂಗ್ಲಿಷ್ ಪದ್ಯ. ಖಾನೆಯ ಮುಖದ ಮೇಲೆ ಕೆರೆ, ದೋಣಿ, ಒಂದು ಬಿಳಿ ಮನೆ. ಇದೆಲ್ಲದರ ಮೇಲೆ ಎಣ್ಣೆಯ ಎರಡು ದೊಡ್ಡ ವರ್ತುಲ, ಮೂರು ಅರಿಸಿನದ ಕಲೆ, ಕುಂಕುಮದ ಬೆರಳಚ್ಚು.

ಮನೆಯವರಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಬೇರೆ. ಖಾನೆ ಹೊರಗೆಳೆದು ಬೋರಲು ಹಾಕಿದರೆ ತಳದಲ್ಲಿ ಕಪ್ಪು ಶಾಯಿಯಲ್ಲಿ ಒಬ್ಬ ಹುಡುಗಿಯ ಹೆಸರು, ಅದರ ಕೆಳಗೆ 1814. (ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಯಾಕೆಂದು ಮುಂದೆ ಗೊತ್ತಾಗುತ್ತದೆ.) ಆ ಮನೆಯ ಹನ್ನೊಂದು ವರ್ಷದ ಮಗಳು ಮೇಜನ್ನು ಆ ಹೆಸರಿನಿಂದಲೇ ಕರೆಯುತ್ತಿದ್ದಳು.

ಇಂಥ ಮೇಜು ಎಲ್ಲಿಂದ ಬಂತು

ಅಮೆರಿಕದ ಈಶಾನ್ಯ ಮೂಲೆಯ ನ್ಯೂ ಇಂಗ್ಲೆಂಡ್ ರಾಜ್ಯಗಳಲ್ಲಿ 1790ರಿಂದ 1830ರವರೆಗೆ, ಸುಮಾರು ನಲವತ್ತು ವರ್ಷ ನಡೆದ ಪದ್ಧತಿ ಇದು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಹೆಣ್ಣುಮಕ್ಕಳಿಗೂ ಓದು ಬೇಕು ಅನ್ನುವ ಮಾತು ಜೋರಾಗಿತ್ತು. ಹೆಂಗಸಿನ ಬುದ್ಧಿ ಗಂಡಸಿನದಕ್ಕಿಂತ ಕಡಿಮೆಯದಲ್ಲ ಎಂದು ಲೇಖಕಿ ಜೂಡಿತ್ ಸಾರ್ಜೆಂಟ್ ಮರ್ರೆ ಪತ್ರಿಕೆಯಲ್ಲಿ ವಾದಿಸಿದ್ದು 1790ರಲ್ಲಿ. ಕನೆಕ್ಟಿಕಟ್‌ನ ಲಿಚ್‌ಫೀಲ್ಡ್‌ನಲ್ಲಿ ಸಾರಾ ಪಿಯರ್ಸ್ 1792ರಲ್ಲಿ ಹುಡುಗಿಯರ ಶಾಲೆ ತೆರೆದರು. ಬಾಸ್ಟನ್‌ನಲ್ಲಿ ಸುಸಾನಾ ರೌಸನ್ 1797ರಲ್ಲಿ ತೆರೆದರು. ಡಾರ್ಚೆಸ್ಟರ್‌ನಲ್ಲಿ ಜೂಡಿತ್ ಸಾಂಡರ್ಸ್ ಮತ್ತು ಕ್ಲೆಮೆಂಟಿನಾ ಬೀಚ್ ಸೇರಿ ನಡೆಸಿದ ಶಾಲೆಗೆ ಮರ್ರೆಯ ಬೆಂಬಲವಿತ್ತು. ವ್ಯಾಕರಣ, ಭೂಗೋಳ, ಲೆಕ್ಕದ ಜತೆಗೆ ಕಸೂತಿ, ಚಿತ್ರ, ಸಂಗೀತ. ಈ ಎರಡನೆಯ ಗುಂಪಿಗೆ "ಅಲಂಕಾರದ ವಿದ್ಯೆ" ಎಂದು ಹೆಸರು. ನನಗೆ ಆ ಹೆಸರಿನ ಮೇಲೆ ಯಾವತ್ತೂ ಸಿಟ್ಟು. ಪೆನ್ಸಿಲ್ವೇನಿಯಾದ ವೆಸ್ಟ್‌ಟೌನ್ ಶಾಲೆಯ ಹುಡುಗಿಯರು ರೇಷ್ಮೆಯ ಗೋಲದ ಮೇಲೆ ಅಕ್ಷಾಂಶ ರೇಖಾಂಶ ಸಮೇತ ಭೂಮಿಯನ್ನೇ ಹೊಲಿದಿದ್ದಾರೆ. ಅದು ಅಲಂಕಾರವೋ ಭೂಗೋಳವೋ?

ಮೇಜಿನ ದಾರಿ ಹೀಗಿತ್ತು. ಅಪ್ಪ ಬಡಗಿಯಿಂದ ಸಾದಾ ಮೇಜು ಮಾಡಿಸಿ ಕೊಡುತ್ತಿದ್ದ. ಹುಡುಗಿ ಶಾಲೆಯಲ್ಲಿ ಮೇಷ್ಟ್ರಮ್ಮನ ಕಣ್ಣೆದುರು, ಅಚ್ಚಾದ ಚಿತ್ರಗಳನ್ನು ಮುಂದಿಟ್ಟುಕೊಂಡು, ಜಲವರ್ಣ ಮತ್ತು ಶಾಯಿಯಲ್ಲಿ ಬರೆಯುತ್ತಿದ್ದಳು. ಆಮೇಲೆ ಅದು ವಾಪಸು ಬಡಗಿಯ ಹತ್ತಿರ ಹೋಗಿ ವಾರ್ನಿಷ್ ಹಚ್ಚಿಸಿಕೊಂಡು ಮನೆಗೆ ಬರುತ್ತಿತ್ತು. ಬಣ್ಣದ ಬಿಲ್ಲೆಗಳು ಆಗ ಅಂಗಡಿಯಲ್ಲೇ ಸಿಗುತ್ತಿದ್ದವು, ಲಂಡನ್ನಿನ ರೀವ್ಸ್ ಅಣ್ಣತಮ್ಮಂದಿರು 1780ರಲ್ಲೇ ಅವನ್ನು ಮಾಡಿದ್ದರು.

ಚಿಪ್ಪುಗಳೇ ಯಾಕೆ ಎಂದು ಎಲ್ಲರೂ ಕೇಳುತ್ತಾರೆ. ಮ್ಯಾಸಚೂಸೆಟ್ಸ್‌ನ ಸೇಲಂ ಬಂದರಿನ ಹಡಗುಗಳು ಆಗ ಕಲ್ಕತ್ತಾ, ಸುಮಾತ್ರಾ ಅಂತ ತಿರುಗುತ್ತಿದ್ದವು. ಗುಡ್ ಹೋಪ್ ಅಥವಾ ಹಾರ್ನ್ ಭೂಶಿರ ದಾಟಿ ಬಂದ ಕಪ್ತಾನರೇ ಸೇರಿ 1799ರಲ್ಲಿ ಈಸ್ಟ್ ಇಂಡಿಯಾ ಮರೀನ್ ಸೊಸೈಟಿ ಕಟ್ಟಿ, ತಂದ ವಿಚಿತ್ರಗಳನ್ನೆಲ್ಲ ಅಲ್ಲಿಟ್ಟರು. ಇವತ್ತಿನ ಪೀಬಡಿ ಎಸೆಕ್ಸ್ ಮ್ಯೂಸಿಯಂನ ಬೇರು ಅದೇ. ಶಂಖ, ಕವಡೆ ಆ ಊರುಗಳ ಪಡಸಾಲೆಯಲ್ಲಿ ಅಂತಸ್ತಿನ ಗುರುತಾದವು. ಬಾಸ್ಟನ್ನಿನ ಹೆಸರಾಂತ ಬಡಗಿ ಥಾಮಸ್ ಸೀಮೋರ್ 1809ರಲ್ಲಿ ಸೇಲಂನ ಡರ್ಬಿ ಮನೆತನದ ಎಲಿಜಬೆತ್‌ಗೆ ಮಾಡಿಕೊಟ್ಟ ಅರ್ಧಚಂದ್ರಾಕಾರದ ಬೀರುವಿನ ಮೇಲೆ ಚಿಪ್ಪುಗಳನ್ನು ಬರೆದವನು ಜಾನ್ ರಿಟ್ಟೋ ಪೆನ್ನಿಮನ್. ಅದಕ್ಕೆ 10 ಡಾಲರ್ ಎಂದು ಬಿಲ್ಲಿನಲ್ಲಿದೆ. ಪೆನ್ನಿಮನ್‌ಗೆ ಚಿಪ್ಪು ಬರೆದರೆ ದುಡ್ಡು ಬರುತ್ತಿತ್ತು. ಶಾಲೆಯ ಹುಡುಗಿ ಅದೇ ಚಿಪ್ಪು ಬರೆದರೆ ಅಪ್ಪನ ಜೇಬಿನಿಂದ ದುಡ್ಡು ಹೋಗುತ್ತಿತ್ತು.

ಅನುಮಾನ

ಹಳೇ ಸಾದಾ ಮೇಜು ಅಗ್ಗ, ಹುಡುಗಿಯೊಬ್ಬಳು ಬರೆದ ಮೇಜು ದುಬಾರಿ. ಈ ಅಂತರವೇ ಕಳ್ಳದಾರಿ. ಇಪ್ಪತ್ತನೇ ಶತಮಾನದಲ್ಲಿ ಹಳೇ ಪೀಠೋಪಕರಣಕ್ಕೆ ಗಿರಾಕಿ ಹೆಚ್ಚಿದ ಮೇಲೆ, ನಿಜವಾಗಿ ಹಳೆಯದಾದ ಬೋಳು ಮೇಜಿಗೆ ಹೊಸದಾಗಿ ಹೂಬಳ್ಳಿ ಬರೆದು ಮಾರಿದವರಿದ್ದಾರೆ. ಮರ ಹಳೆಯದು, ಜೋಡಣೆ ಹಳೆಯದು, ಮೋಸ ಮೇಲಿನ ಒಂದು ಕೂದಲೆಳೆ ದಪ್ಪದಲ್ಲಿ. ಹಾಗಾಗಿ ಕಲೆ ತೆಗೆಯುವ ಮಾತಿಗಿಂತ ಮೊದಲು, ತೆಗೆಯುವುದರ ಕೆಳಗೆ ಏನಿದೆ ಎಂದು ನೋಡಬೇಕು.

ಹಲಗೆ ಒಂದೇ ತುಂಡು. ಇಲ್ಲಿನ ಚಳಿಗಾಲದಲ್ಲಿ ಹೀಟರ್ ಹಾಕಿದ ಮನೆಯ ಗಾಳಿ ಒಣಗಿ ಮರ ಅಡ್ಡಕ್ಕೆ ಕುಗ್ಗುತ್ತದೆ. ಕೆಳಗಿನಿಂದ ಬಿಗಿದಿದ್ದರೆ ಸೀಳುತ್ತದೆ. ಈ ಹಲಗೆಯೂ ಹಿಂದೆಂದೋ ಸೀಳಿ, ಸೀಳು ಒಂದು ಗುಲಾಬಿಯ ನಡುವೆ ಹಾದುಹೋಗಿತ್ತು. ಭೂತಗನ್ನಡಿ ಇಟ್ಟು ಆ ಒಂದು ಗುಲಾಬಿಯ ಮುಂದೆ ಅರ್ಧ ಗಂಟೆ ಕೂತೆ. ಎಸಳು ಸೀಳಿನ ಈ ದಡದಲ್ಲಿ ಚಕ್ಕೆಯೆದ್ದು ತುಂಡಾಗಿ, ಆ ದಡದಲ್ಲಿ ಒಂದು ಕೂದಲಷ್ಟು ಸರಿದು ಮುಂದುವರಿದಿತ್ತು. ಸೀಳಿನ ಒಳಗೋಡೆಯಲ್ಲಿ ಬರೀ ಕೊಳೆ, ಬಣ್ಣ ಒಂದು ತೊಟ್ಟೂ ಇಲ್ಲ. ಸೀಳಿದ ಮೇಲೆ ಬರೆದಿದ್ದರೆ ನೀರಿನ ಬಣ್ಣ ಒಳಕ್ಕೆ ಇಳಿಯದೆ ಇರುತ್ತಿರಲಿಲ್ಲ. ಗುಲಾಬಿ ಮೊದಲು, ಸೀಳು ಆಮೇಲೆ.

ಕೋಣೆ ಕತ್ತಲು ಮಾಡಿ ನೇರಳಾತೀತ ಟಾರ್ಚ್ ಬಿಟ್ಟೆ. ಹಲಗೆಯ ವಾರ್ನಿಷ್ ಹಸುರು ಮಿಶ್ರಿತ ಹಳದಿಯಾಗಿ ಮಂಜಿನ ಹಾಗೆ ಬೆಳಗಿತು. ಮರದ ರಾಳದ ಹಳೇ ವಾರ್ನಿಷ್ ಹೀಗೆಯೇ. ಅರಗಿನ ಪಾಲಿಷ್ ಆಗಿದ್ದರೆ ಕಿತ್ತಳೆ ಕಾಣುತ್ತಿತ್ತು. ಚಿಪ್ಪು, ಬಳ್ಳಿ, ಪದ್ಯ ಮೂರೂ ಆ ಮಂಜಿನ ಕೆಳಗಿದ್ದವು.

ಟಾರ್ಚನ್ನು ಖಾನೆಯ ಮುಖಕ್ಕೆ ತಿರುಗಿಸಿದಾಗ ಮಂಜೇ ಇಲ್ಲ. ಕೆರೆ, ದೋಣಿ, ಮನೆ ಎಲ್ಲ ಕಪ್ಪಗೆ ಕೂತಿದ್ದವು. ಮತ್ತೆ ಭೂತಗನ್ನಡಿ. ಕೆರೆಯ ದಡದಲ್ಲಿ ಬೀಗದ ಕೈ ಬಡಿದು ಆದ ಒಂದು ಹಳೇ ತಗ್ಗು. ಅದರ ಗುಂಡಿಯೊಳಗೆ ಹಸುರು ಬಣ್ಣ ತುಂಬಿ ನಿಂತಿತ್ತು. ಅದರ ಸುತ್ತ ಉಜ್ಜುಕಾಗದದ ಸಣ್ಣ ಸಣ್ಣ ಗೀರು, ಆ ಗೀರುಗಳೂ ಬಣ್ಣದ ಕೆಳಗೆ. ಯಾರೋ ಇದ್ದ ಚಿತ್ರವನ್ನು ಉಜ್ಜಿ ತೆಗೆದು ಹೊಸದು ಬರೆದಿದ್ದಾರೆ.

ಪರಿಚಯದವರೊಬ್ಬರ ಪ್ರಯೋಗಾಲಯದಲ್ಲಿ ಎಕ್ಸ್‌ಆರ್‌ಎಫ್ ಅನ್ನುವ, ಬಣ್ಣದೊಳಗಿನ ಲೋಹ ಗುರುತಿಸುವ ಕೈಯಂತ್ರ ಇದೆ. ಖಾನೆಯ ಬಿಳಿ ಮನೆಯಲ್ಲಿ ಟೈಟಾನಿಯಂ ಸಿಕ್ಕಿತು. ಟೈಟಾನಿಯಂ ಬಿಳಿ ಚಿತ್ರಕಾರರ ಕೈಗೆ ಬಂದದ್ದು 1920ರ ಹೊತ್ತಿಗೆ. ಮಾತು ಮುಗಿಯಿತು. ಹಲಗೆಯ ಮೇಲೆ ಕೆಂಪಿನಲ್ಲಿ ಪಾದರಸ, ಅಂದರೆ ಇಂಗಲೀಕ. ನೀಲಿಯಲ್ಲಿ ಕಬ್ಬಿಣ, ಅಂದರೆ ಪ್ರಷ್ಯನ್ ನೀಲಿ. ಟೈಟಾನಿಯಂ ಇಲ್ಲ. 1834ರಲ್ಲಿ ಜಲವರ್ಣವಾಗಿ ಮಾರುಕಟ್ಟೆಗೆ ಬಂದ ಸತುವಿನ ಬಿಳಿಯೂ ಇಲ್ಲ. ಇಲ್ಲ ಅನ್ನುವುದು ಪುರಾವೆಯಲ್ಲ, ನಿಜ. ಆದರೆ ಗುಲಾಬಿಯ ಸಾಕ್ಷಿಯ ಪಕ್ಕ ಇಟ್ಟರೆ ತೂಕ ಬರುತ್ತದೆ.

ಇನ್ನು ಹೆಸರು. ಖಾನೆಯನ್ನು ಬೋರಲು ಹಾಕಿ ಟಾರ್ಚನ್ನು ಹಲಗೆಗೆ ಮಟ್ಟಸವಾಗಿ ಮಲಗಿಸಿದೆ. ಅಡ್ಡಬೆಳಕಿಗೆ ತಳದ ಪೈನ್ ಹಲಗೆಯ ಮೇಲೆ ಬಿಲ್ಲಿನಂತೆ ಬಾಗಿದ ಗೀರುಗಳ ಸಾಲು ಎದ್ದು ಬಂತು. ಚಕ್ರದ ಗರಗಸದ ಗುರುತು. ಕೈಗರಗಸವೋ ಹಳೇ ಮಿಲ್ಲಿನ ಮೇಲೆ ಕೆಳಗೆ ಆಡುವ ಗರಗಸವೋ ಆಗಿದ್ದರೆ ಗೀರು ನೆಟ್ಟಗಿರುತ್ತಿತ್ತು. ಖಾನೆಯ ಪಕ್ಕದ ಹಲಗೆಗಳಲ್ಲಿ ಉಜ್ಜುಗೊರಡಿನ ಅಲೆ ಸ್ಪಷ್ಟವಾಗಿತ್ತು, ಮೂಲೆಗಳನ್ನು ಹಿಡಿದಿಡುವ, ಪಾರಿವಾಳದ ಬಾಲದಂಥ ಹಲ್ಲಿನ ಡವ್‌ಟೇಲ್ ಜೋಡಣೆ ಕೈಯಲ್ಲಿ ಕೊಯ್ದದ್ದು. ಚಕ್ರದ ಗರಗಸ ಈ ಕಡೆಯ ಮಿಲ್ಲುಗಳಲ್ಲಿ ಬಳಕೆಗೆ ಬಂದದ್ದು 1830ರ ಆಚೀಚೆ. ತಳವನ್ನು ಬದಲಾಯಿಸಿದ್ದಾರೆ. 1814 ಎಂದು ಬರೆದದ್ದು, 1814ರಲ್ಲಿ ಇಲ್ಲದ ಹಲಗೆಯ ಮೇಲೆ. ಶಾಯಿಯಲ್ಲಿ ಕಬ್ಬಿಣವೂ ಸಿಗಲಿಲ್ಲ. ಆ ಕಾಲದ ಬರವಣಿಗೆಯ ಶಾಯಿ ಮಾಚಿಕಾಯಿ ಮತ್ತು ಅನ್ನಭೇದಿಯದು. ಅನ್ನಭೇದಿ ಎಂದರೆ ಕಬ್ಬಿಣದ ಉಪ್ಪೇ. ಕಾಲ ಕಳೆದಂತೆ ಆ ಶಾಯಿ ಕಂದಾಗುತ್ತದೆ. ಇದು ಕಾಡಿಗೆಯಷ್ಟು ಕಪ್ಪು.

ಹೀಗೆ ಮನೆಯವರು ಮೆಚ್ಚಿದ್ದ ಎರಡೂ, ಕೆರೆಯ ದೃಶ್ಯ ಮತ್ತು ಹೆಸರು, ಸುಳ್ಳಾದವು. ಅವರು ದೀಪ ಇಟ್ಟು ಮುಚ್ಚಿದ್ದ ಹಲಗೆಯೇ ಅಸಲಿ. ಅದರ ಮೇಲೆ ಹೆಸರಿಲ್ಲ. ಬದಲಿಗೆ ಏನಿದೆ ಎಂದರೆ, ಅಂಡಾಕಾರದ ಉದ್ದಕ್ಕೆ ಎರಡು ಗುಂಡುಸೂಜಿಯ ತೂತು: ಸೂಜಿಗೆ ದಾರ ಸುತ್ತಿ ಪೆನ್ಸಿಲ್ ಓಡಿಸಿದ್ದಾಳೆ. ಬಳ್ಳಿ ಹಿಂದಿನ ಬಲಮೂಲೆಯಿಂದ ಹೊರಟು ಒಂದೊಂದು ಗೆಣ್ಣಿಗೆ ಮೂರು ಎಲೆಯಂತೆ ಶಿಸ್ತಾಗಿ ಸುತ್ತಿಕೊಂಡು ಬಂದು, ಕೊನೆಯಲ್ಲಿ ಲೆಕ್ಕ ತಪ್ಪಿ ಎರಡು ಎಲೆ ಒಂದರ ಮೇಲೊಂದು ಬಿದ್ದಿವೆ. ಮುಚ್ಚಲು ನಡುವೆ ಒಂದು ಮೊಗ್ಗು ತುರುಕಿದ್ದಾಳೆ. ಎಳೆ ಸೇರದ ರಂಗೋಲಿಗೆ ನಮ್ಮಲ್ಲಿ ಮಾಡುವ ಉಪಾಯವೇ. ಪದ್ಯದ ಮೊದಲ ಸಾಲು ಧಾರಾಳವಾಗಿ ಶುರುವಾಗಿ, ನಾಲ್ಕನೆಯದಕ್ಕೆ ಜಾಗ ಸಾಲದೆ ಕೊನೆಯ ಪದ ಅಂಚಿನ ಮೇಲಕ್ಕೆ ಹತ್ತಿದೆ. ಪೆನ್ನಿಮನ್‌ನಂಥ ಕಸುಬುದಾರ ಇಂಥ ತಪ್ಪು ಮಾಡುವುದಿಲ್ಲ. ಮೋಸಕ್ಕೆ ಬರೆಯುವವನೂ ಮಾಡುವುದಿಲ್ಲ. ಅವನ ಕೆರೆ, ದೋಣಿ ಎಲ್ಲ ತೂಕ ಹಾಕಿದಂತೆ ಕೂತಿವೆ.

ಏನು ಮಾಡಬಹುದು, ಏನು ಕೂಡದು

ವಿಷಯ ತಿಳಿಸಲು ಹೋದ ದಿನ ಹಾಸನದ ಅಮ್ಮ ಬಾಗಿಲಲ್ಲೇ ಕೇಳಿದರು, "ಏನಪ್ಪಾ, ದೇವರ ಮುಂದೆ ದೀಪ ಹಚ್ಚಿದ್ದು ತಪ್ಪಾಯ್ತಾ?"

"ದೀಪದ್ದೇನೂ ತಪ್ಪಿಲ್ಲಮ್ಮ, ಒದ್ದೆ ಬಟ್ಟೇದು" ಅಂದೆ. ಅದೂ ಪೂರ್ತಿ ನಿಜವಲ್ಲ. ಎರಡು ವರ್ಷದ ಬಿಸಿಯೂ ಎಣ್ಣೆಯೂ ವಾರ್ನಿಷನ್ನು ತಿಂದು ಹಾಕಿದ್ದವು. ಜಲವರ್ಣದ ಪುಡಿಯನ್ನು ಮರಕ್ಕೆ ಹಿಡಿದಿಡುವುದು ಜಾಲಿ ಜಾತಿಯ ಮರದ ಅಂಟು. ಪ್ರಷ್ಯನ್ ನೀಲಿ ನೀರಿಗೆ ಕರಗುವುದಿಲ್ಲ, ಆದರೆ ಅಂಟು ಕರಗುತ್ತದೆ. ವಾರ್ನಿಷ್ ಹೋದ ಕಡೆ ನೀರು ತಾಗಿದರೆ ಇನ್ನೂರು ವರ್ಷದ ಹಿಂದಿನ ಬಣ್ಣ ನಿನ್ನೆ ಬರೆದ ಹಾಗೆ ಬಟ್ಟೆಗೆ ಬರುತ್ತದೆ. ಪಾಲಿಷಿನವರು ಹೇಳಿದಂತೆ ವಾರ್ನಿಷ್ ಎತ್ತಿದ್ದರೆ ಉಳಿಯುತ್ತಿದ್ದುದು ಹೊಳೆಯುವ ಬೋಳು ಮೇಪಲ್ ಮಾತ್ರ.

ನೀರು ಕೂಡದು. ಸ್ಪಿರಿಟ್ ಕೂಡದು, ಅದು ವಾರ್ನಿಷನ್ನೇ ಎಬ್ಬಿಸುತ್ತದೆ. ಸೋಪು ಮೊದಲೇ ಕೂಡದು. ಅರಿಸಿನಕ್ಕೆ ಸೋಪು ತಾಗಿದರೆ ಕೆಂಪಾಗುವುದು ಮದುವೆ ಮನೆಯ ಬಟ್ಟೆ ಒಗೆದವರಿಗೆಲ್ಲ ಗೊತ್ತು. ಎಣ್ಣೆಗೆ ಮಾತ್ರ ದಾರಿಯಿತ್ತು. ವಾಸನೆ ಕಡಿಮೆಯ ಒಂದು ಜಾತಿಯ ಪೆಟ್ರೋಲಿಯಂ ದ್ರಾವಣ ಎಣ್ಣೆಯನ್ನು ಕರಗಿಸುತ್ತದೆ, ಅಂಟನ್ನಾಗಲೀ ಹಳೇ ರಾಳವನ್ನಾಗಲೀ ಮುಟ್ಟುವುದಿಲ್ಲ. ಮೂಲೆಯಲ್ಲಿ ಸಾಸಿವೆಯಷ್ಟು ಜಾಗದಲ್ಲಿ ಪರೀಕ್ಷೆ ಮಾಡಿ, ಹತ್ತಿ ಸುತ್ತಿದ ಕಡ್ಡಿಯಿಂದ ನಾಲ್ಕು ದಿನ ಕೂತು ತೆಗೆದೆ. ಎಳ್ಳೆಣ್ಣೆ ಹಳತಾಗಿ ಅಂಟಂಟಾಗಿದ್ದ ಕಡೆ ಪೂರ್ತಿ ಬರಲಿಲ್ಲ. ಹೆಚ್ಚು ಉಜ್ಜಲಿಲ್ಲ. ಕುಂಕುಮದ ಪುಡಿಯನ್ನು ಒಣ ಕುಂಚದಿಂದ ಎತ್ತಿದೆ, ಅದರ ರಂಗು ಇಳಿದ ಕಡೆ ಹಾಗೆಯೇ ಬಿಟ್ಟೆ.

ಅರಿಸಿನವೇ ಫಜೀತಿ. ಊರಲ್ಲಾದರೆ ಬಿಸಿಲಿಗೆ ಹಾಕಿದರೆ ತಾನೇ ಹೋಗುತ್ತದೆ. ಇಲ್ಲಿ ಬಿಸಿಲಿಗೆ ಹಾಕಿದರೆ ಅರಿಸಿನಕ್ಕಿಂತ ಮೊದಲು ಗುಲಾಬಿ ಹೋದೀತು. ಆ ಕಾಲದ ಗುಲಾಬಿ ಬಣ್ಣ ಕಾರ್ಮೈನ್, ಹುಳದಿಂದ ತೆಗೆದದ್ದು, ಬೆಳಕಿಗೆ ಬಲು ನಾಜೂಕು. ಅದೃಷ್ಟಕ್ಕೆ ಮೂರರಲ್ಲಿ ಎರಡು ಕಲೆ ಚಿತ್ರವಿಲ್ಲದ ಬರೀ ಮರದ ಮೇಲಿದ್ದವು. ದಪ್ಪ ಕಪ್ಪು ರಟ್ಟಿನಲ್ಲಿ ಕಲೆಯಷ್ಟೇ ತೂತು ಕೊರೆದು, ಉಳಿದದ್ದನ್ನೆಲ್ಲ ಮುಚ್ಚಿ, ವಿದ್ಯುತ್ ದೀಪದ ಬೆಳಕಿಗೆ ದಿನಕ್ಕೆ ಸ್ವಲ್ಪ ಹೊತ್ತು ಒಡ್ಡಿದೆ. ಎರಡು ವಾರದಲ್ಲಿ ಹಳದಿ ಮಾಸಿ ಮರದ ಬಣ್ಣಕ್ಕೆ ಹತ್ತಿರ ಬಂತು. ಮೂರನೆಯದು ಶಂಖದ ತುದಿಯ ಮೇಲೆ ಇದೆ. ಅದು ಅಲ್ಲೇ ಇರಲಿ ಎಂದು ಬರೆದುಕೊಟ್ಟೆ.

ನೀಲಿ ಹೋದ ಕಡೆ ಹೊಸ ನೀಲಿ ಹಚ್ಚಲಿಲ್ಲ. ಬಣ್ಣ ಸಡಿಲವಾಗಿದ್ದ ಅಂಚಿಗೆ ಮಾತ್ರ, ಬೇಕೆಂದಾಗ ತೆಗೆಯಬಹುದಾದ ತೆಳು ವಾರ್ನಿಷ್ ಕೊಟ್ಟೆ.

ಖಾನೆಯ ಬಗ್ಗೆ ಸ್ವಲ್ಪ ವಾದವಾಯಿತು. ಗಂಡನಿಗೆ ಸುಳ್ಳು ಚಿತ್ರವನ್ನೂ ಸುಳ್ಳು ಹೆಸರನ್ನೂ ಕೆರೆಸಿ ಹಾಕಬೇಕೆಂಬ ಹಟ. ನಾನು ಒಪ್ಪಲಿಲ್ಲ. ಕೆಳಗಿದ್ದದ್ದನ್ನು ಮೊದಲೇ ಉಜ್ಜಿಹಾಕಿದ್ದಾರೆ. ಇದನ್ನು ತೆಗೆದರೆ ಸಿಗುವುದು ಗೀರು ಬಿದ್ದ ಮರ. ಮೋಸವೂ ಮೇಜಿನ ಚರಿತ್ರೆಯಲ್ಲಿ ನಡೆದದ್ದೇ, ನೂರು ವರ್ಷ ಹತ್ತಿರವಾದ ಮೋಸ. ಕೊನೆಗೆ ಒಂದು ಚೀಟಿ ಬರೆದು ಖಾನೆಯೊಳಗೆ ಇಡುವುದೆಂದು ತೀರ್ಮಾನವಾಯಿತು: ಮುಖದ ಚಿತ್ರ, ತಳದ ಹಲಗೆ, ಹೆಸರು ಮೂರೂ ಆಮೇಲಿನವು. ಮುಂದೆ ಕೊಳ್ಳುವವರು ಮೋಸ ಹೋಗದಿದ್ದರೆ ಸಾಕು. ಆ ಹೆಸರಿನ ಹುಡುಗಿ ಯಾವ ಊರಲ್ಲಾದರೂ ನಿಜವಾಗಿ ಇದ್ದಿರಬಹುದು, ಅವಳನ್ನು ಈ ಮೇಜಿಗೆ ಕಟ್ಟಿಹಾಕುವ ಹಕ್ಕು ನನಗಿಲ್ಲ.

ಮಗಳಿಗೆ ಇದು ಇಷ್ಟವಾಗಲಿಲ್ಲ. ವರದಿಯಲ್ಲಿ "ಬರೆದವರು: ಹೆಸರು ತಿಳಿಯದ ವಿದ್ಯಾರ್ಥಿನಿ" ಎಂದಿದ್ದನ್ನು ಓದಿಸಿಕೊಂಡು, "ಹೆಸರೇ ಗೊತ್ತಿಲ್ಲ ಅಂದ್ಮೇಲೆ ಹುಡುಗಿ ಅಂತ ಹೇಗೆ ಗೊತ್ತು ಅಂಕಲ್?" ಅಂದಳು. ಹೊಲಿಗೆ ಮೇಜು, ಶಾಲೆಗಳ ಪದ್ಧತಿ, ಪದ್ಯ, ಕಲಿಯುವ ಕೈಯ ತಪ್ಪುಗಳು ಎಂದು ವಿವರಿಸಿದೆ. ಅವು ಸೂಚನೆಗಳು, ರುಜುವಾತಲ್ಲ. ಮನೆಗೆ ಬಂದು ಆ ಸಾಲನ್ನು ತಿದ್ದಿದೆ: "ಹೆಸರು ತಿಳಿಯದು, ಬಹುಶಃ ಶಾಲೆಯ ವಿದ್ಯಾರ್ಥಿನಿ, ಸುಮಾರು 1805ರಿಂದ 1830."

ದೇವರಿಗೆ ಈಗ ಗೋಡೆಗೆ ಹೊಡೆದ ತೇಗದ ಮಂಟಪ ಬಂದಿದೆ. ಮೇಜು ಕಿಟಕಿಯಿಂದಲೂ ಹೀಟರಿನಿಂದಲೂ ದೂರ, ಒಳಗೋಡೆಯ ಪಕ್ಕದಲ್ಲಿದೆ. ತೇವಾಂಶ ಅಳೆಯುವ ಸಣ್ಣ ಗಡಿಯಾರವೊಂದನ್ನು ಅದರ ಕೆಳಗೆ ಇಡಿಸಿದ್ದೇನೆ, ಚಳಿಗಾಲದಲ್ಲಿ ಮುಳ್ಳು ನಲವತ್ತಕ್ಕಿಂತ ಕೆಳಗಿಳಿದರೆ ಫೋನ್ ಮಾಡಿ ಎಂದಿದ್ದೇನೆ. ಜನವರಿಯಲ್ಲಿ ಎರಡು ಸಲ ಮಾಡಿದರು.